ಹಜರತಬಿಯ ನಿತ್ಯಪುಷ್ಪ

ಗುಳೇದಗುಡ್ಡದ ಹಜರತಬಿ ಖಣದ ಕುಪ್ಪಸ ಹೊಲಿಯುವವಳು. ಬಾಯಿ ಜೋರು, ಕೈ ಚೊಕ್ಕ. ಕುಪ್ಪಸ ಬಿಗಿಯಾಯಿತೆಂದು ಯಾರಾದರೂ ಅಂದರೆ, "ಬಟ್ಟಿ ಸಣ್ಣದಾಗಿಲ್ಲ ಬೇ, ನೀ ದಪ್ಪಾಗೀದಿ" ಎಂದು ಮುಖಕ್ಕೇ ಹೇಳಿಬಿಡುತ್ತಾಳೆ. ಆದರೂ ಗಿರಾಕಿಗಳು ಬೇರೆಡೆ ಹೋಗುವುದಿಲ್ಲ.

ಅವಳ ಅಂಗಳವೆಂದರೆ ಬರೀ ಗರಸು ಮಣ್ಣು. ಅದರಲ್ಲೇ ಮೊಣಕಾಲೆತ್ತರ ಮೀರದ ನಿತ್ಯಪುಷ್ಪದ ಗಿಡಗಳನ್ನು ಬೆಳೆಸಿದ್ದಾಳೆ. ಬಿಸಿಲು ಸುಡಲಿ, ನಳಕ್ಕೆ ವಾರಗಟ್ಟಲೆ ನೀರು ಬಾರದಿರಲಿ, ಅವಕ್ಕೆ ಚಿಂತೆಯಿಲ್ಲ. ವರ್ಷಪೂರ್ತಿ ಹೂ. ಆ ಹೂವೆಲ್ಲ ಪಕ್ಕದ ಮನೆಯ ಶಿವಲಿಂಗವ್ವನ ಲಿಂಗಪೂಜೆಗೆ. ಮೊಣಕಾಲು ಬೇನೆಯಿಂದ ಶಿವಲಿಂಗವ್ವ ಸಂತೆಗೆ ಹೋಗುವುದು ನಿಂತಾಗ, "ನಾ ಇರೂತನಕ ನಿನ್ನ ಪೂಜಿಗೆ ಹೂವು ತಪ್ಪಂಗಿಲ್ಲ" ಎಂದು ಹಜರತಬಿ ಮಾತು ಕೊಟ್ಟಿದ್ದಳು. ಬೆಳಗಿನ ನಮಾಜು ಮುಗಿಸಿ, ಹೂ ಬಿಡಿಸಿ ಆಕೆಯ ಕಟ್ಟೆಯ ಮೇಲಿಟ್ಟು ಬಂದರೇ ಅವಳಿಗೆ ಚಹಾ ರುಚಿಸುವುದು.

ಈ ಬೇಸಿಗೆಯಲ್ಲಿ ಗಿಡಗಳು ಒಂದೊಂದಾಗಿ ಹಳದಿಯಾಗಿ ಒರಗತೊಡಗಿದವು. ಕಿತ್ತು ನೋಡಿದರೆ ಬೇರು ಕೊಳೆತಿದೆ. ತಾನು ಹನಿ ನೀರು ಹಾಕಿಲ್ಲ, ಮಳೆಯ ಸುಳಿವೂ ಇಲ್ಲ. ಹಜರತಬಿಗೆ ಅಳುವೇ ಬಂತು. ಗಿಡ ಹೋದರೆ ಹೋಗಲಿ, ಕೊಟ್ಟ ಮಾತು ಹೋಗುತ್ತದಲ್ಲ.

ನಳ ಬಂದ ದಿನ ಗುಟ್ಟು ಬಯಲಾಯಿತು. ಹೊಸ ನೀರು ಬಂದೊಡನೆ ಹಳೆಯದನ್ನೆಲ್ಲ ಚೆಲ್ಲುವುದು ಆ ಓಣಿಯ ರೂಢಿ. ಈ ವರ್ಷ ಶಿವಲಿಂಗವ್ವನ ಮನೆಗೆ ದೊಡ್ಡ ಬ್ಯಾರಲ್ ಬಂದಿತ್ತು. ಯಾವಾಗಲೂ ಹಿತ್ತಲಲ್ಲಿ ಕೊಡ ತುಂಬುತ್ತಿದ್ದ ಹಜರತಬಿ ಅಂದು ಏನೋ ನೆನಪಾಗಿ ಮುಂದಿನ ಅಂಗಳಕ್ಕೆ ಬಂದರೆ, ಶಿವಲಿಂಗವ್ವ ಗೋಡೆ ಹಿಡಿದು ಕುಂಟುತ್ತ, ಆ ಬ್ಯಾರಲ್ಲಿನ ಹಳೆ ನೀರನ್ನು ಚರಿಗೆ ಚರಿಗೆಯಾಗಿ ತಂದು ಗಿಡಗಳಿಗೆ ಸುರಿಯುತ್ತಿದ್ದಾಳೆ.

"ಏನ್ ಮಾಡಾಕತ್ತೀ ಬೇ ಯಕ್ಕಾ?" ಹಜರತಬಿ ಸಿಟ್ಟಿನಿಂದ ಕೂಗಿದಳು.

"ದಿನಾ ನಿನ್ನ ಹೂವು ತಗೋತೇನಿ. ನನ್ನ ಕೈಲೆ ಆಗೂದು ಇಷ್ಟ."

ಹಜರತಬಿಯ ಸಿಟ್ಟು ಜರ್ರನೆ ಇಳಿಯಿತು. ಚರಿಗೆ ಇಸಿದುಕೊಂಡು ಆಕೆಯನ್ನು ಕಟ್ಟೆಯ ಮೇಲೆ ಕೂಡಿಸಿದಳು.

"ಇದಕ್ಕ ಭಾಳ ನೀರು ಆಗಂಗಿಲ್ಲ ಯಕ್ಕಾ. ಬೇರು ಕೊಳತಾವು."

"ಹಂಗಾರ ನಾನ ಕೊಂದೆ ಅನ್ನು." ಶಿವಲಿಂಗವ್ವನ ಕಣ್ಣು ತುಂಬಿದವು.

"ಸಾಕಂದ್ರೂ ಬಿಡದ ಹೋಳಿಗಿ ನೀಡಾಕಿ ನೀ. ಗಿಡಾನೂ ಬಿಟ್ಟಿಲ್ಲ ನೋಡು."

ಶಿವಲಿಂಗವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಮರುದಿನ, ಉಳಿದ ಒಂದೇ ಗಿಡದಲ್ಲಿ ಒಂದೇ ಹೂ. ಹಜರತಬಿ ಕೈ ಚಾಚುವಷ್ಟರಲ್ಲಿ, ಆಗಲೇ ಸ್ನಾನ ಮುಗಿಸಿದ್ದ ಶಿವಲಿಂಗವ್ವ ಕಟ್ಟೆಯಿಂದಲೇ ತಡೆದಳು.

"ಹರೀಬ್ಯಾಡ. ಕಾಯಾಗಿ ಬೀಜ ಬೀಳ್ಲಿ."

"ಮತ್ತ ನಾ ಕೊಟ್ಟ ಮಾತು?"

ಶಿವಲಿಂಗವ್ವ ಗೋಡೆ ಹಿಡಿದು ಮೆಲ್ಲಗೆ ಬಂದು, ಹಜರತಬಿಯ ಪ್ಲಾಸ್ಟಿಕ್ ಕುರ್ಚಿಯನ್ನು ಗಿಡದ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕೊರಳಿನ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡಳು.

"ಹೂವು ನಮ್ಮನಿಗೆ ಬರಾಕ ಆಗ್ಲಿಲ್ಲಂದ್ರ, ನಾವ ಅದರ ಮನಿಗೆ ಬರ್ತೇವಿ."

ಪೂಜೆ ಮುಗಿಯುವವರೆಗೆ ಹಜರತಬಿ ಹೊಲಿಗೆ ಯಂತ್ರ ತುಳಿಯಲಿಲ್ಲ.