ಅಮ್ಮನ ಹಿಮ್ಮಡಿಗೆ ಹೋದ ಮೇಣ

ನಾವಿರುವುದು ಗಲ್ಫಿನಲ್ಲಿ, ಜಿಂಜ್ ಎಂಬಲ್ಲಿ. ಕೆಳಗಿನ ಫ್ಲ್ಯಾಟಿನಲ್ಲಿ ಅಮೆರಿಕದ ಒಬ್ಬರು ಟೀಚರ್ ಇದ್ದಾರೆ. ಹೋದ ಡಿಸೆಂಬರಿನಲ್ಲಿ ಅವರು ಒಂದು ಚೀಲ ಹಿಡಿದುಕೊಂಡು ಬಂದರು. ಒಳಗೆ ಕಾಳುಮೆಣಸಿನಷ್ಟು ದಪ್ಪದ, ಬೂದು ಬಣ್ಣದ ಒಣ ಕಾಯಿಗಳು. ಬೇಬೆರಿ ಅಂತೆ. ವರ್ಷವಿಡೀ ಹಸಿರಾಗಿರುವ ಪೊದೆ, ಎಲೆ ಹಿಸುಕಿದರೆ ಘಮ್ಮೆನ್ನುತ್ತದಂತೆ. ಅವರ ತಾಯಿ ಪ್ರತಿವರ್ಷ ಈ ಕಾಯಿಯಿಂದ ಮೇಣ ತೆಗೆದು ಕ್ಯಾಂಡಲ್ ಮಾಡಿ ಕ್ರಿಸ್‌ಮಸ್‌ನ ಹಿಂದಿನ ಸಂಜೆ ಹಚ್ಚುತ್ತಿದ್ದರು. ನಡುವೆ ಆರಿಸುವಂತಿಲ್ಲ, ಪೂರ್ತಿ ಉರಿದರೆ ಮನೆಗೆ ಒಳ್ಳೆಯದು. ತಾಯಿ ಆ ವರ್ಷವೇ ತೀರಿಕೊಂಡಿದ್ದರು, ಮನೆಯೂ ಮಾರಿಹೋಗಿತ್ತು. ಆ ಪೊದೆಯ ಕೊನೆಯ ಕಾಯಿಗಳಿವು. ಮೇಣ ತೆಗೆಯುವುದನ್ನು ಮಾತ್ರ ಮಗಳು ಕಲಿತಿರಲಿಲ್ಲ.

ನರ್ಸಾದ ನನಗೆ ಅದೆಲ್ಲ ಎಲ್ಲಿಂದ ಗೊತ್ತಿರಬೇಕು! ಆದರೆ ವಿಸಿಟ್ ವೀಸಾದಲ್ಲಿ ಊರಿಂದ ಬಂದಿದ್ದ ಅಮ್ಮ ಚೀಲ ಮೂಸಿ ನೋಡಿ, "ಇದೆಂತ ದೊಡ್ಡ ವಿಷಯ ಮಾರಾಯ್ತಿ? ಪುನರ್ಪುಳಿ ಬೀಜದ ತುಪ್ಪ ತೆಗೆದ ಹಾಗೆ ಅಲ್ವಾ?" ಎಂದು ಸೆರಗು ಸಿಕ್ಕಿಸಿದರು.

ಕಾಯಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಣಿಯಲು ಬಿಟ್ಟರು. ಅಮ್ಮನ ಕನ್ನಡ, ಟೀಚರ ಇಂಗ್ಲಿಷ್. ಇಬ್ಬರೂ ನನ್ನನ್ನು ಕೇಳದೆಯೇ ಮಾತಾಡಿಕೊಂಡರು. ಮೆಟ್ಟಿಲವರೆಗೂ ಪರಿಮಳ. ಬೆಳಿಗ್ಗೆ ಪಾತ್ರೆಯ ನೀರಿನ ಮೇಲೆ ಅಂಗೈಯಗಲದ ಹಸಿರು ಬಿಲ್ಲೆ ತೇಲುತ್ತಿತ್ತು. ಎಷ್ಟು ಖುಷಿಯಾಯಿತು ನನಗೆ!

ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದಾಗ ಬಿಲ್ಲೆ ಅರ್ಧವೇ ಇತ್ತು. ಅಮ್ಮ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದರು, ಹಿಮ್ಮಡಿ ಮಿರಮಿರ ಮಿಂಚುತ್ತಿತ್ತು.

"ತೆಂಗಿನೆಣ್ಣೆಯಲ್ಲಿ ಕರಗಿಸಿ ಹಚ್ಚಿದೆ ಮಗಾ. ಊರಲ್ಲಿ ಪುನರ್ಪುಳಿ ತುಪ್ಪ ತೆಗೆದವರು ಒಡೆದ ಕಾಲಿಗೆ ಹಚ್ಚಿಕೊಳ್ಳದೆ ಇರ್ತಾರಾ? ಮೇಲಿನ ಮನೆಯವಳಿಗೂ ಕೊಟ್ಟೆ."

"ಅಮ್ಮಾ, ಅದು ಸತ್ತವರ ಮನೆಯ ಕೊನೇ ಕಾಯಿ! ಇನ್ನು ಸಿಗ್ಲಿಕ್ಕಿಲ್ಲ!" ನನಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮನ ಮುಖ ಸಣ್ಣದಾಯಿತು. ಉಳಿದ ಮೇಣ ಹಿಡಿದು ಬರಿಗಾಲಲ್ಲೇ ಇಳಿದುಹೋಗಿ, ಟೀಚರ ಮುಂದೆ ನಿಂತು ಕನ್ನಡದಲ್ಲೇ ಎಲ್ಲ ಒಪ್ಪಿಕೊಂಡರು. ಹಿಮ್ಮಡಿಯನ್ನೂ ತೋರಿಸಿದರು. ನಾಚಿಕೆಯಿಂದ ಸಾಯುತ್ತಾ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಟೀಚರ್ ಆ ತುಂಡನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಆಮೇಲೆ, "ಒಂದು ಕ್ಯಾಂಡಲಿಗೆ ಆದೀತಾ, ಕೇಳು" ಎಂದರು.

ಅಮ್ಮ ಹತ್ತಿಯ ಬತ್ತಿ ಹೊಸೆದುಕೊಟ್ಟರು. ಹೆಬ್ಬೆರಳುದ್ದದ ಕ್ಯಾಂಡಲ್ ಆಯಿತು. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಆರು ಗಂಟೆಗೆ ಹಚ್ಚಿ ಮೂವರೂ ಸುತ್ತ ಕೂತೆವು. ಗಾಳಿ ತಾಗುತ್ತದೆಂದು ಅಮ್ಮ ನನ್ನನ್ನು ಕೆಮ್ಮಲೂ ಬಿಡಲಿಲ್ಲ. ಏಳು ಗಂಟೆಯೊಳಗೆ ಜ್ವಾಲೆ ತಟ್ಟೆಗಿಳಿದು ತಾನಾಗಿಯೇ ಆರಿತು.

ಅಮ್ಮ ಹೆದರುತ್ತಲೇ ಟೀಚರ ಮುಖ ನೋಡಿದರು. ಟೀಚರ್ ನಗುತ್ತಿದ್ದರು, ಕಣ್ಣು ಒದ್ದೆಯಾಗಿತ್ತು.

"ನಮ್ಮಮ್ಮ ಉದ್ದುದ್ದದ ಕ್ಯಾಂಡಲ್ ಮಾಡುತ್ತಿದ್ದರು. ಪ್ರತಿವರ್ಷ ಅದು ಮುಗಿಯುವ ಮೊದಲೇ ನನಗೆ ನಿದ್ದೆ ಬಂದುಬಿಡುತ್ತಿತ್ತು. ಪೂರ್ತಿ ಉರಿದದ್ದನ್ನು ನಾನು ನೋಡಿದ್ದು ಇವತ್ತೇ."