ಮುಳ್ಳು ಇಳಿದದ್ದು ನನ್ನ ಮೊಳಕಾಲಿನಿಂದಲ್ಲ

ನಂಬಬೇಡಿ. ಶಹಾಪುರದಲ್ಲಿ ನನ್ನ ಮಾತು ನಂಬುವವರು ಒಬ್ಬರೂ ಇಲ್ಲ, ನೀವೇ ಮೊದಲಿಗರಾಗುವುದು ಬೇಡ. ಆದರೂ ಹೇಳುತ್ತೇನೆ: ಮಣ್ಣನ್ನು ಕೆನ್ನೆಗೆ ಒತ್ತಿಕೊಂಡು ಅದರಲ್ಲಿ ಎಷ್ಟು ತೇವವಿದೆ ಎಂದು ನಾನು ಹೇಳಿದರೆ, ಮರುದಿನ ಮಣ್ಣು ಒಣಗಿಸಿ ತೇವ ಅಳೆಯುವ ಓವನ್ ಕೂಡ ಅದನ್ನೇ ಹೇಳುತ್ತಿತ್ತು.

ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನಾನೂ ನನ್ನ ಗೆಳೆಯನೂ ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ದುಡಿದೆವು. ಮಣ್ಣು ಕತ್ತರಿಸುವವನು ನಾನು, ರಿಪೋರ್ಟ್ ಬರೆಯುವವನು ಅವನು. ಅವನ ತಕ್ಕಡಿಯ ತಟ್ಟೆಯಡಿ ಹುಣಸೆಬೀಜ ಅಂಟಿಸಿ ಒಂದಿಡೀ ಬೆಳಗು ಅವನನ್ನು ಕುಣಿಸಿದ್ದೇನೆ. ಮಣ್ಣು ಎಷ್ಟು ಕುಸಿಯಿತೆಂದು ತೋರಿಸುವ ಡಯಲಿನ ಮುಳ್ಳನ್ನು, ಮೇಜಿಗೆ ಕೆಳಗಿನಿಂದ ಮೊಳಕಾಲು ತಾಗಿಸಿ ನಡುಗಿಸಿದ್ದೇನೆ. ಸುರಪುರದಿಂದ ಬರುವ ಗುತ್ತಿಗೆದಾರರೂ ನಗುತ್ತಿದ್ದರು. ಅವನೂ ನಗುತ್ತಿದ್ದ.

ಬಳಿಚಕ್ರ ಊರಿನಲ್ಲಿರುವ ನನ್ನ ತಂಗಿ ಹಳ್ಳದ ದಂಡೆಯಲ್ಲಿ ಎರಡು ಕೋಣೆಯ ಮನೆ ಕಟ್ಟಲು ಹೊರಟಳು. ಅಲ್ಲಿಯ ಹೂಳುಮಣ್ಣಿನ ಗಡ್ಡೆಯೊಂದನ್ನು ಕೊರೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನೇ ತಂದೆ. ತೇವ ಆರದಂತೆ ಅದಕ್ಕೆ ಬಟ್ಟೆ ಸುತ್ತಿ ಮೇಣ ಬಳಿಯಬೇಕು. ಆ ಕೆಲಸ ಗೆಳೆಯನದು. ಮರೆತ. ಎಂಟು ದಿನ ಕಪಾಟಿನಲ್ಲಿ ಒಣಗಿದ ಮಣ್ಣನ್ನು ಒತ್ತಿ ನೋಡಿದ, ಕಲ್ಲಿನಂತಿತ್ತು. ಎರಡಡಿ ಬುನಾದಿ ಸಾಕೆಂದು ಬರೆದುಬಿಟ್ಟ.

ಹೂಳುಮಣ್ಣಿನಲ್ಲಿ ಚೂರೇ ಚೂರು ತೇವವಿದ್ದಾಗ ಅದು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ನೀರು ತುಂಬಿತೋ, ಆ ಹಿಡಿತ ಹೋಯಿತು. ನಾನು ಅದೇ ಗಡ್ಡೆಯಿಂದ ಒಂದು ಬಿಲ್ಲೆ ಕತ್ತರಿಸಿ, ಉಕ್ಕಿನ ಬಳೆಯೊಳಗಿಟ್ಟು, ಭಾರ ಹೇರಿ, ನೀರು ಬಿಟ್ಟೆ. ಮುಳ್ಳು ಸರ್ರನೆ ಇಳಿಯಿತು. ಪಕ್ಕದಲ್ಲೇ ನಿಂತಿದ್ದ ಗೆಳೆಯನ ಮುಖ ಸಪ್ಪಗಾಯಿತು.

ರಿಪೋರ್ಟ್ ಒಯ್ಯಲು ತಂಗಿ ಬಂದಾಗ ಅವಳೆದುರೇ ಇನ್ನೊಂದು ಬಿಲ್ಲೆಗೆ ನೀರು ಬಿಟ್ಟೆ. ಮುಳ್ಳು ಮತ್ತೆ ಇಳಿಯಿತು. ಅವಳು ಡಯಲ್ ನೋಡಲಿಲ್ಲ, ಬಗ್ಗಿ ಮೇಜಿನಡಿ ನೋಡಿದಳು.

“ನಿನ್ನ ಮೊಳಕಾಲ ಎಲ್ಲಿ ಅದ ಅಣ್ಣಾ?”

“ಖರೇನ ಹೇಳಾಕತ್ತೀನವ್ವಾ. ಕೆಳಗ ಗಟ್ಟಿ ಗರಸು ಸಿಗೂತನಕ ಬುನಾದಿ ತಗಸು. ಇಲ್ಲಂದ್ರ ಮಳಿಗಾಲಕ್ಕ ಗ್ವಾಡಿ ಕುಸಿತದ.”

ಅವಳು ಗೆಳೆಯನ ಕಡೆ ತಿರುಗಿದಳು. “ನೀವ ಹೇಳ್ರಿ ಅಣ್ಣಾ, ಇದು ಖರೇ ಏನ್ರಿ?”

ಅವನು ಹೂಂ ಎಂದಿದ್ದರೆ ಸಾಕಿತ್ತು. ಆದರೆ ಹೂಂ ಎಂದರೆ ಮೇಣ ಮರೆತದ್ದೂ ಹೊರಗೆ ಬರುತ್ತಿತ್ತು.

“ನಿಮ್ಮಣ್ಣನ ಚ್ಯಾಷ್ಟಿ ನಿನಗ ಗೊತ್ತಿಲ್ಲೇನ ತಂಗೀ?” ಎಂದು ನಕ್ಕ. “ಎರಡಡಿ ಸಾಕು. ಹೋಗು, ಬಸ್ ತಪ್ಪತದ.”

ತಂಗಿಯೂ ನಕ್ಕಳು, ಹೋದಳು.

ಮೊದಲ ದೊಡ್ಡ ಮಳೆಗೇ ಹೊಸ ಮನೆಯ ಮೂಲೆ ಕುಸಿಯಿತು. ನನ್ನ ಫೋನಿಗೆ ಒಂದು ಫೋಟೊ ಬಂತು: ಗೋಡೆಯ ಬಿರುಕಿನೊಳಗೆ ಅವಳ ಕೈ, ಬಳೆಗಳವರೆಗೆ. ಅದನ್ನು ಗೆಳೆಯನಿಗೆ ಕಳಿಸಿದೆ. ಸಂಜೆ ಅವನು ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, “ತಪ್ಪು ನಂದಲೇ. ನಿಮ್ಮ ತಂಗಿ ಮುಂದ ನಾನ ಹೋಗಿ ಹೇಳ್ತೀನಿ” ಎಂದ.

ಕೆನ್ನೆ, ಹುಣಸೆಬೀಜ, ಮುಳ್ಳು, ಬಿರುಕು ಎಲ್ಲ ನಿಜ. ಬೇಕಾದರೆ ಬಳಿಚಕ್ರಕ್ಕೆ ಹೋಗಿ ಕೈ ಹಾಕಿ ನೋಡಿ. ಗೆಳೆಯ ಬಂದು ಕಟ್ಟೆಯ ಮೇಲೆ ಕೂತದ್ದೊಂದು ಮಾತ್ರ ನಾನು ಕಟ್ಟಿದ ಕತೆ. ಅವನು ಇನ್ನೂ ಬಂದಿಲ್ಲ.