ಅಗಾರ್ ಗಟ್ಟಿಯಾಯಿತೇ?

ಕಣ್ಣಿಗೆ ಕಾಣದವರ ಮೇಲೆ ಚಾಡಿ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಗಂಗಾವತಿಯ ನರ್ಸಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಸೂಕ್ಷ್ಮಾಣುಗಳ ಪಾಠ ಹೇಳುತ್ತೇನೆ. ‘ಅವು ಎಲ್ಲೆಲ್ಲೂ ಇವೆ, ಕಾಣುವುದಿಲ್ಲ, ಕೆಲವು ಕಾಯುತ್ತವೆ, ಕೆಲವು ಕಾಡುತ್ತವೆ’ ಎಂದರೆ ಹುಡುಗಿಯರು ಪುರಾಣ ಕೇಳುವವರಂತೆ ತಲೆದೂಗುತ್ತಾರೆ. ಈ ವಿದ್ಯೆಯಿಂದ ನನಗಾದ ಲಾಭವೆಂದರೆ, ಬಸ್ ನಿಲ್ದಾಣದ ಮಿರ್ಚಿ ಭಜಿಯನ್ನು ಅನುಮಾನಿಸುತ್ತಲೇ ನಾಲ್ಕು ತಿನ್ನುವುದು.

ಪ್ರಯೋಗಕ್ಕೆ ಅಗಾರ್ ಎಂಬ ಪಾಕ ಕಾಯಿಸಿ ಗಾಜಿನ ತಟ್ಟೆಗೆ ಹೊಯ್ದು ಆರಿಸುತ್ತೇವೆ. ಸೂಕ್ಷ್ಮಾಣುಗಳಿಗೆ ಅದು ಮದುವೆಯೂಟ. ಏನನ್ನೂ ಸೋಕಿಸದ ತಟ್ಟೆಯಲ್ಲಿ ಏನೂ ಬೆಳೆಯಬಾರದು. ಬೆಳೆದರೆ ಮಾಡಿದವರ ಕೈ ಕೊಳಕು ಎಂದು ನನ್ನ ತೀರ್ಪು. ಸಿದ್ದಾಪುರದ ರೇಣುಕಾಳ ತಟ್ಟೆಯಲ್ಲಿ ಎರಡು ಸಲವೂ ಬೆಳೆಯಿತು. ನಾನು ಅವಳ ಪ್ರಯೋಗದ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಅವಳ ವರ್ಷವೇ ಹೋದಂತೆ. ಸಾಲದ್ದಕ್ಕೆ ಶುಚಿತ್ವದ ಮೇಲೆ ಅರ್ಧ ತಾಸು ಭಾಷಣ ಬಿಗಿದೆ.

“ಸರ್, ನಾ ಕೈ ಛಲೋತ್ನಾಗ ತೊಳಕೊಂಡೀನ್ರಿ,” ಎಂದಳು ಕಣ್ಣು ತುಂಬಿಕೊಂಡು.

“ಸೂಕ್ಷ್ಮಾಣು ಸುಳ್ಳು ಹೇಳೂದಿಲ್ಲವ್ವಾ,” ಎಂದೆ.

ಮೂರನೆಯ ಸಲ ಅವಳು ಎರಡು ತಟ್ಟೆ ಮಾಡಿದಳು. ಒಂದನ್ನು ಮುಚ್ಚಿ ಸುತ್ತಲೂ ಪ್ಲಾಸ್ಟರ್ ಸುತ್ತಿದಳು. ಇನ್ನೊಂದನ್ನು ಎಂದಿನಂತೆ ನನ್ನ ಮುಂದಿಟ್ಟಳು. ಎರಡು ದಿನದ ಮೇಲೆ ಎರಡನ್ನೂ ತಂದು ತೋರಿಸಿದಳು. ಸುತ್ತಿದ್ದು ಸ್ವಚ್ಛವಾಗಿತ್ತು. ಇನ್ನೊಂದರ ನಡುವೆ ಹಳದಿ ಚುಕ್ಕೆಗಳು ಒತ್ತೊತ್ತಾಗಿ ಬೆಳೆದಿದ್ದವು, ಸರಿಯಾಗಿ ಬೆರಳ ತುದಿಯ ಆಕಾರದಲ್ಲಿ.

“ತಪ್ಪ ತಿಳೀಬ್ಯಾಡ್ರಿ ಸರ್. ಗಟ್ಟಿ ಆಗೈತೇನು ಅಂತ ನೀವು ಮೊದಲನೇ ಬೆಂಚಿನ ತಟ್ಟಿಗೆ ಬೆರಳ ಒತ್ತಿ ನೋಡತೀರಲ್ರಿ, ಆ ಬೆಂಚ್ ನಂದ್ರಿ.”

ಹೌದು. ನಮ್ಮ ಮನೆಯಲ್ಲಿ ಕಡಲೆಹಿಟ್ಟಿನ ಜುಣಕ ಬೇಯಿಸಿ ತಟ್ಟೆಗೆ ಹರವಿದಾಗ, ವಡಿ ಕತ್ತರಿಸುವಷ್ಟು ಗಟ್ಟಿಯಾಯಿತೇ ಎಂದು ಬೆರಳೊತ್ತಿ ನೋಡುವ ಅಧಿಕಾರ ಚಿಕ್ಕಂದಿನಿಂದ ನನ್ನದು. ನಾನು ಎಂ.ಎಸ್ಸಿ. ಮಾಡಿದೆ, ಬೆರಳು ಮಾಡಿರಲಿಲ್ಲ. ಇಷ್ಟು ವರ್ಷ ಮೊದಲನೇ ಬೆಂಚಿನವರನ್ನೆಲ್ಲ ಕೊಳಕರೆಂದು ಬೈದದ್ದು ನೆನಪಾಗಿ ನಿಜಕ್ಕೂ ನಾಚಿಕೆಯಾಯಿತು.

ಸಹಿ ಹಾಕಲೆಂದು ರೆಕಾರ್ಡ್ ತೆರೆದೆ. ಫಲಿತಾಂಶದ ಜಾಗದಲ್ಲಿ ದುಂಡಗೆ ಬರೆದಿದ್ದಳು: ‘ಸೋಂಕಿನ ಮೂಲ: ಮಾನ್ಯ ಗುರುಗಳ ಬಲಗೈ ತೋರುಬೆರಳು.’

ಮೊದಲು ಕೈ ತೊಳೆಯೋಣವೆಂದು ಎದ್ದೆ. ನಲ್ಲಿಯ ಬಳಿ ಸೋಪಿಲ್ಲ. ಹುಡುಗಿಯರು ತಮ್ಮ ಚೀಲದಲ್ಲೇ ತರುತ್ತಿದ್ದರಂತೆ. ಕಾಲೇಜಿನ ಸೋಪನ್ನು ತಪಾಸಣೆಗೆ ಬರುವವರಿಗೆಂದು ನಾನೇ ಕಾಗದ ಬಿಚ್ಚದೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ರೇಣುಕಾ ತನ್ನ ಸೋಪಿನ ತುಂಡು ಚಾಚಿದಳು.

“ತಗೋರಿ ಸರ್. ಉಗುರಿನ ಸಂದ್ಯಾಗೂ ತಿಕ್ಕ್ರಿ.”

ಅವಳು ಸಾಕೆನ್ನುವವರೆಗೆ ತಿಕ್ಕಿದೆ. ಆಮೇಲೆ ಸಹಿ ಹಾಕಿದೆ.